28 ಡಿಗ್ರಿ ದಾಟಿದ ಅಪರಾಧಿಗಳು

2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಖಟ್ಟರ್ ಹೇಳಿದ್ದು ನೆನಪಿದೆ ಅಲ್ವಾ? ಇನ್ನು ಎಸಿ 20 ಡಿಗ್ರಿಗಿಂತ ಕೆಳಗೆ ಇಳಿಯುವಂತಿಲ್ಲ, 28ಕ್ಕಿಂತ ಮೇಲೆ ಏರುವಂತಿಲ್ಲ. ಎಲ್ಲರೂ ಆ 20 ಹಿಡಿದುಕೊಂಡು ಜಗಳ ಆಡಿದರು. ನನ್ನ ನಿದ್ದೆ ಕೆಡಿಸಿದ್ದು 28.

ಯಾಕೆಂದರೆ ನಮ್ಮ ಮನೆಯಲ್ಲಿ ಎಸಿ ಇಲ್ಲ. ತಾರಸಿ ಕೆಳಗಿನ ಮನೆ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಒಳಗೆ 34 ಇರುತ್ತದೆ. ಅಂದರೆ ಮಿತಿಗಿಂತ ಆರು ಡಿಗ್ರಿ ಜಾಸ್ತಿ! ನಾಳೆ ಯಾರಾದರೂ ತಪಾಸಣೆಗೆ ಬಂದರೆ, 'ಸಾರ್, ನಾವು ಸೆಟ್ ಮಾಡಿದ್ದಲ್ಲ, ಮನೆ ಬಂದಿದ್ದೇ ಹೀಗೆ' ಅನ್ನಬೇಕು. ರಿಮೋಟ್ ತೋರಿಸಿ ಅಂದರೆ ಬೀಸಣಿಗೆ ತೋರಿಸಬೇಕು.

ಫ್ಯಾನ್ ಇದೆಯಲ್ಲ ಅಂತೀರಾ? ಫ್ಯಾನ್ ರೂಮನ್ನು ತಣ್ಣಗೆ ಮಾಡುವುದೇ ಇಲ್ಲ. ಮೈಮೇಲಿನ ಬೆವರು ಆರಿಸುತ್ತದೆ, ಅಷ್ಟೇ. ಯಾರೂ ಇಲ್ಲದ ರೂಮಿನಲ್ಲಿ ತಿರುಗಿದರೆ ಅದರ ಮೋಟರಿನಿಂದ ರೂಮು ಇನ್ನೊಂದು ಚೂರು ಬಿಸಿಯೇ ಆಗುತ್ತದೆ. ಇದು ಗೊತ್ತಾದ ದಿನ ಅದರ ಮೇಲಿದ್ದ ಅರ್ಧ ಗೌರವ ಹೋಯಿತು. ಗಡಗಡ ಸದ್ದು ಮಾಡುತ್ತಾ, ಇದ್ದ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುವ ಕಲೆ. ಈ ಕಲೆ ಬಲ್ಲವರನ್ನು ಓಟು ಹಾಕಿ ಕಳಿಸುವುದು ನಮಗೇನು ಹೊಸದಲ್ಲ ಬಿಡಿ.

ಪಕ್ಕದ ಮನೆಯ ಯಜಮಾನರು ಎಸಿಯನ್ನು 18ಕ್ಕೆ ಇಟ್ಟು ರಗ್ಗು ಹೊದ್ದು ಮಲಗುತ್ತಾರೆ. 'ಚಳಿ ಆಗಲ್ವಾ ಸಾರ್?' ಎಂದು ಕೇಳಿದೆ. 'ಅದಕ್ಕೇ ರಗ್ಗು' ಎಂದರು. ಅವರ ಎಸಿ ರೂಮಿನ ಬಿಸಿಯನ್ನು ನುಂಗುವುದಿಲ್ಲ, ತಾನು ಉಂಡ ಕರೆಂಟಿನ ಬಿಸಿಯನ್ನೂ ಸೇರಿಸಿ ಹೊರಗೆ ತಂದು ಸುರಿಯುತ್ತದೆ. ಆ ಔಟ್‌ಡೋರ್ ಯೂನಿಟ್ ಇರುವುದು ಸರಿಯಾಗಿ ನಮ್ಮ ಕಿಟಕಿಗೆ ಎದುರು. ಹೀಗೆ ಅವರ ಎಸಿಯಲ್ಲಿ ನಮಗೂ ಒಂದು ಪಾಲು.

ನಿಯಮ ತಪ್ಪು ಅಂತ ನಾನು ಹೇಳಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎನ್ನುತ್ತದೆ ಕರೆಂಟು ಉಳಿತಾಯ ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಬಿಇಇ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 24ಕ್ಕೆ ಸೆಟ್ ಆಗಿಯೇ ಬರಬೇಕು. ಬರುತ್ತವೆ. ರಿಮೋಟ್ ಕೈಗೆ ಸಿಕ್ಕ ಕೂಡಲೇ ನಾವು ಮಾಡುವ ಮೊದಲ ಕೆಲಸ ಅದನ್ನು ಇಳಿಸುವುದು. ಗಲಾಟೆ ಜೋರಾದಾಗ ಪರಿಸರ ಸಚಿವರು, ಅಂಥ ಪರಿಸ್ಥಿತಿ ಬಂದರೆ 2050ರ ನಂತರ ಎಂದು ಸಮಾಧಾನ ಹೇಳಿದರು. ಎಲ್ಲರೂ ರಗ್ಗು ಎಳೆದುಕೊಂಡರು.

ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ ಅಂತ ಪ್ರತಿವರ್ಷ ಸಲಹೆ ಬರುತ್ತದಲ್ಲ, ಮೊನ್ನೆ ಅದೇ ಹೊತ್ತಿಗೆ ಎದುರು ಕಟ್ಟಡದ ಮೂರನೇ ಮಹಡಿಯ ಹೊರಗೋಡೆಯಲ್ಲಿ ಒಬ್ಬ ಹುಡುಗ ಎಸಿ ಕೂರಿಸುತ್ತಿದ್ದ. ಸೊಂಟಕ್ಕೆ ಹಗ್ಗವೂ ಇಲ್ಲ. ಒಳಗಿನವರಿಗೆ ಅವತ್ತೇ ಆಗಬೇಕಂತೆ. ಸಂಜೆವರೆಗೆ ಕಾಯೋಕೆ ಏನ್ರೀ ರೋಗ? ಡಿಗ್ರಿಗೆ ನಿಯಮ ಮಾಡುವವರಿಗೆ ಈ ಹುಡುಗನ ಹಗ್ಗ ಒಮ್ಮೆಯಾದರೂ ನೆನಪಾಗಬಾರದಾ?

ಇಳಿದು ಬಂದು ನೀರು ಕೇಳಿದ. ಚೊಂಬು ಪೂರ್ತಿ ಕುಡಿದ. 'ನಿಮ್ಮನೇಲಿ ಎಸಿ ಇದೆಯೇನಪ್ಪಾ?' ಎಂದೆ.

'ಶೀಟಿನ ಮನೆ ಸಾರ್' ಎಂದು ನಕ್ಕ. 'ಅದಕ್ಕಿಂತ ಈ ಗೋಡೇನೇ ವಾಸಿ.'