ಉಂಗುರ ಎಲ್ಲೈತ್ಲೇ?

ಹೋದ ರವಿವಾರ ಹುಬ್ಬಳ್ಳಿಯಿಂದ ನಮ್ಮ ಕಾಕಾ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಬಂದ್ರು, ಕಿಸೆದಾಗ ಒಂದು ಪೆನ್‌ಡ್ರೈವ್, ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತಿ ಮ್ಯಾಲ ರಬ್ಬರ್ ಬ್ಯಾಂಡ್. ತಂಗಿ ಎಂಗೇಜ್‌ಮೆಂಟ್ ವಿಡಿಯೋ ನನ್ನ ಕಂಪ್ಯೂಟರ್‌ನ್ಯಾಗ ಇತ್ತು. "ಟಿವಿಗೆ ಹಚ್ಚಿ ಎಲ್ಲಾರೂ ಕೂಡಿ ನೋಡ್ತೇವಿ, ಲಗೂನ ಹಾಕಿಕೊಡು ತಮ್ಮಾ" ಅಂದ್ರು.

ನನ್ನ ಕಂಪ್ಯೂಟರ್ ನಡಸೂದು ವಿಂಡೋಸ್ ಅಲ್ಲ, ಲಿನಕ್ಸ್. ಇದರಾಗ ಸಿ ಡ್ರೈವ್ ಡಿ ಡ್ರೈವ್ ಅಂತ ಇರೂದಿಲ್ಲ, ಎಲ್ಲಾ ಸೇರಿ ಒಂದ ಗಿಡ, ಪೆನ್‌ಡ್ರೈವ್ ಚುಚ್ಚಿದ್ರ ಮೀಡಿಯಾ ಅನ್ನೂ ಫೋಲ್ಡರ್ ಒಳಗ ನಮ್ಮ ಹೆಸರಿನ ಕೆಳಗ ಅದೂ ಒಂದು ಟೊಂಗಿ ಆಗಿ ಕೂಡ್ತೈತಿ, ಅದಕ್ಕ ಮೌಂಟ್ ಆಗೂದು ಅಂತಾರ. ಕಾಕಾಗ ಇಷ್ಟೆಲ್ಲಾ ಹೇಳಿದೆ, ಅವ್ರು ಚಾ ಕುಡದ್ರು.

ಫೈಲ್ 5 ಜಿಬಿ ಇತ್ತು. ಕಾಪಿ ಹಚ್ಚಿದ್ರ ಫೈಲ್ ಭಾಳ ದೊಡ್ಡದೈತಿ ಅಂತ ಬಂತು. "32 ಜಿಬಿ ಅಂತ ಮ್ಯಾಲ ಬರದಾರ, 5 ಹಿಡಿಯೂದಿಲ್ಲಂದ್ರ ಹೆಂಗಲೇ?" ಅಂತ ಕಾಕಾ. ಪೆನ್‌ಡ್ರೈವ್ ಫ್ಯಾಟ್32 ಇತ್ತು, ಅದು ಫೈಲ್ ಜೋಡಿಸಿ ಇಡೂ ಒಂದು ಹಳೇ ಪದ್ಧತಿ, ಅದರಾಗ ಒಂದು ಫೈಲ್ 4 ಜಿಬಿ ದಾಟಂಗಿಲ್ಲ. ಮನಿ ದೊಡ್ಡದೈತಿ ಕಾಕಾ, ಬಾಗಲಾ ಸಣ್ಣದು, ತಿಜೋರಿ ಒಳಗ ಹೋಗವಲ್ದು ಅಂದೆ, ಇದು ಮಾತ್ರ ಅವ್ರಿಗೆ ತಟ್ಟನ ತಿಳೀತು. ವಿಡಿಯೋ ಎರಡು ತುಂಡು ಮಾಡಿದೆ.

ಇನ್ನ ಕಾಪಿ. ಮೊದಲ ಭರಾಭರಾ ಓಡಿತು, ನಡುವ ಒಂದೀಟು ಕುಂತು ಎದ್ದು ಮಾಡಿತು, ಕಡಿಗೆ 100 ಪರ್ಸೆಂಟ್. "ನೋಡ್ರಿ ಕಾಕಾ, ಲಿನಕ್ಸ್ ಅಂದ್ರ ಹಿಂಗ" ಅಂತ ಎದಿ ಉಬ್ಬಿಸಿ, ಪೆನ್‌ಡ್ರೈವ್ ಕಿತ್ತು ಕೈಯಾಗ ಕೊಟ್ಟೆ.

ರಾತ್ರಿ ಫೋನ್ ಬಂತು.

"ಲೇ ತಮ್ಮಾ, ಉಂಗುರ ಎಲ್ಲೈತ್ಲೇ?"

ಮೊದಲನೇ ತುಂಡು ಚಲೋ ಓಡೈತಿ, ಮನಿ ತುಂಬ ಮಂದಿ ಕುಂತಾರ, ಬೀಗ್ತಿ ಉಂಗುರದ ಡಬ್ಬಿ ತಗ್ಯಾಕ ಕೈ ಹಾಕ್ಯಾರ, ಅಲ್ಲಿಗೆ ಮುಗದೈತಿ. ಎರಡನೇದರ ಹೆಸರು ಕಾಣತೈತಿ, ತಗದ್ರ ಒಳಗ ಏನೂ ಇಲ್ಲ. ತಪ್ಪು ನಂದ. ಕಾಪಿ ಮಾಡಿದ್ದೆಲ್ಲಾ ಆಗಿಂದಾಗ ಪೆನ್‌ಡ್ರೈವ್‌ಗೆ ಹೋಗೂದಿಲ್ಲ, ಮೊದಲ ರ‍್ಯಾಮ್‌ನ್ಯಾಗ ಅಂದ್ರ ಕಂಪ್ಯೂಟರಿನ ತಾತ್ಪೂರ್ತಿಕ ಜಾಗಾದಾಗ ಕೂಡ್ತೈತಿ, ಅಲ್ಲಿಂದ ಹಿಂದಗಡೆ ಸಾವಕಾಶ ಬರಕೋತ ಹೋಗ್ತೈತಿ. ಕಿರಾಣಿ ಅಂಗಡ್ಯಾಂವ "ಆತ್ರಿ, ಕಟ್ಟೀನಿ" ಅಂತಾನಲ್ಲ, ಹೋಗಿ ನೋಡಿದ್ರ ಸಕ್ಕರಿ ಇನ್ನೂ ತಕ್ಕಡ್ಯಾಗ ಇರ್ತೈತಿ, ಹಂಗ. ಇಜೆಕ್ಟ್ ಒತ್ತಿದ್ರ ಉಳದದ್ದೆಲ್ಲಾ ಬರದು ಮುಗಿಸಿ ಆಮ್ಯಾಗ ಬಿಡತೈತಿ. ನಾ ಎಲ್ಲಿ ಒತ್ತೀನಿ?

ಬುಧವಾರ ಕಾಕಾ ಮತ್ತ ಬಂದ್ರು. ಈ ಸಲ ಶಾಣ್ಯಾತನ ತೋರಸಬೇಕಂತ ಟರ್ಮಿನಲ್ ತಗದೆ, ಅಂದ್ರ ಮೌಸ್ ಬಿಟ್ಟು ಕಮಾಂಡ್ ಟೈಪ್ ಮಾಡೂ ಕಿಟಕಿ. ಕಾಪಿ ಆತು, ಸಿಂಕ್ ಅಂತ ಹೊಡದೆ, ಎಲ್ಲಾ ಬರದು ಮುಗಿಯೂ ಮಟ ಅದು ಬಾಯಿ ಬಿಡೂದಿಲ್ಲ, ನಾ ಕರ್ಸರ್ ನೋಡಕೋತ ಕುಂತೆ, ಕಾಕಾ ನನ್ನ ನೋಡಕೋತ. ಅದು ಮುಗದ ಮ್ಯಾಲ ಪೆನ್‌ಡ್ರೈವ್ ಬಿಡಸಾಕ ಅನ್‌ಮೌಂಟ್ ಅಂತ ಟೈಪ್ ಮಾಡಿದ್ರ ಇಂಥಾ ಕಮಾಂಡ್ ಇಲ್ಲ ಅಂತು. ಆ ಕಮಾಂಡ್‌ನ್ಯಾಗ ಮೊದಲನೇ ಎನ್ ಅಕ್ಷರ ಇಲ್ಲ, ಯುಮೌಂಟ್ ಅಂತನ ಬರೀಬೇಕು, ಅದನ್ನ ನಾ ಹತ್ತು ವರ್ಷದಿಂದ ಮರಕೋತ ಬಂದೀನಿ. ಸರಿ ಮಾಡಿ ಹೊಡದೆ. "ಟಾರ್ಗೆಟ್ ಈಸ್ ಬಿಝಿ" ಅಂತು. ಯಾರಪಾ ಇದನ್ನ ಹಿಡಕೊಂಡಾವ್ರು? ವಿಡಿಯೋ ಪ್ಲೇಯರ್ ಬಂದ್ ಮಾಡಿದೆ, ಫೈಲ್ ವಿಂಡೋ ಬಂದ್ ಮಾಡಿದೆ, ಸುಳ್ಳ ಬ್ರೌಸರ್‌ನೂ ಬಂದ್ ಮಾಡಿದೆ, ಬಿಝಿ ಅಂದ್ರ ಬಿಝಿ. ಕಡಿಗೆ ಎಲ್‌ಎಸ್‌ಓಎಫ್ ಅನ್ನೂ, ಯಾರು ಹಿಡಕೊಂಡಾರ ಅಂತ ತೋರಸೂ ಕಮಾಂಡ್ ಹೊಡದು ನೋಡಿದ್ರ ಹಿಡಕೊಂಡದ್ದು ನನ್ನ ಟರ್ಮಿನಲ್, ನಾನ ಆ ಫೋಲ್ಡರ್ ಒಳಗ ನಿಂತಿದ್ದೆ. ಹೊಸ್ತಲದ ಮ್ಯಾಲ ತಾನ ನಿಂತು ಬಾಗಲಾ ಹಾಕವಲ್ದು ಅಂತ ಊರಿಗೆ ಬೈದಂಗ. ಫೋಲ್ಡರ್ ಬದಲಿಸೂ ಸಿಡಿ ಕಮಾಂಡ್ ಹೊಡದು ಹೊರಗ ಬಂದೆ, ಮತ್ತ ಯುಮೌಂಟ್, ಮಾತಿಲ್ಲಾರದ ಬಿಡ್ತು.

ಕಾಕಾ "ಬರ್ತೇನಿ ಹಂಗಾರ" ಅಂತ ಎದ್ರು. ಎದ್ದು ಬಾಗಲದಾಗ ನಿಂತು ಅವ್ವನ ಜೋಡಿ ಮುಕ್ಕಾಲು ತಾಸು ಮಾತು: ಬೀಗರ ಸೀರಿ, ಪೇಡೆ ಎಷ್ಟು ಕೆಜಿ ಒಯ್ಯೂದು, ಮತ್ತ ಬೀಗರ ಸೀರಿ. ಇವ್ರನ್ನ ಯಾರು ಹಿಡಕೊಂಡಾರ ಅಂತ ನೋಡೂ ಕಮಾಂಡ್ ನನ್ನ ಕಡೆ ಇರಲಿಲ್ಲ. ಅಂತೂ ಹೋದ್ರು, ನಾನ ಬಸ್ ಹತ್ತಿಸಿ ಬಂದೆ.

ಬಂದು ಟೇಬಲ್ ನೋಡ್ತೇನಿ, ಚಾದ ಕಪ್ಪಿನ ಬಾಜು ಪೆನ್‌ಡ್ರೈವ್ ಕುಂತೈತಿ, ರಬ್ಬರ್ ಬ್ಯಾಂಡ್ ಸಹಿತ.