ಕಂಪನಿ ನಿಲ್ಲಿಸಿದ ಹಳೇ ಸ್ಪೀಕರ್ ತಗೋಬೇಕಾ, ಬ್ಯಾಡ್ವಾ?

ಕೈಲಿರೋದು ಎರಡೂವರೆ ಮೂರು ಸಾವಿರ, ಪಿಸಿಗೊಂದು ನೆಟ್ಟಗಿರೋ ಸ್ಪೀಕರ್ ಬೇಕು, ಇರೋದು ತುಮಕೂರಲ್ಲಿ. ಆ ದುಡ್ಡಿಗೆ ಅಂಗಡೀಲಿ ಸಿಗೋ ಹೊಸದನ್ನೇ ತಗೊಳೋದಾ, ಇಲ್ಲಾ ಒಂದ್ಕಾಲದಲ್ಲಿ ಹತ್ತು ಸಾವಿರ ಬಾಳ್ತಿದ್ದ, ಈಗ ಕಂಪನಿಯೋರು ಮಾಡೋದೇ ನಿಲ್ಲಿಸಿರೋ ಮಾಡೆಲ್‌ನ ಸೆಕೆಂಡ್ ಹ್ಯಾಂಡಲ್ಲೋ ರಿಫರ್ಬಿಶ್ಡಲ್ಲೋ (ರಿಪೇರಿ ಮಾಡಿ ಮತ್ತೆ ಮಾರೋದು) ಹುಡುಕೋದಾ? ಹಳೇದೇ ತಗೊಳ್ಳಿ ಅಂತ ತಮ್ಮ, ಬ್ಯಾಡ ಅಂತ ಸರ್ವೀಸ್ ಕೌಂಟರಿನ ಅಕ್ಕ, ಇಬ್ಬರ ಮಾತೂ ಕೇಳಿ.

ಪರ

ಅಕ್ಕ ಇದಕ್ಕೆ ಏನ್ ಹೇಳ್ತಾರೆ ಅಂತ ನಂಗೆ ಮೊದ್ಲೇ ಗೊತ್ತು. ಅವ್ರ ಸರ್ವೀಸ್ ಕೌಂಟರ್ ಮೇಲೆ ಬರೋವೆಲ್ಲ ಸತ್ತ ಸ್ಪೀಕರ್‌ಗಳೇ, ಚೆನ್ನಾಗಿ ಹಾಡ್ತಿರೋವು ಅಲ್ಲಿಗ್ಯಾಕ್ ಬರ್ತವೆ? ಅದಕ್ಕೇ ಅವ್ರಿಗೆ ಹಳೇದು ಅಂದ್ರೆ ಕೆಟ್ಟಿದ್ದು ಅಂತಾನೇ ಕಾಣೋದು.

ಮೊಬೈಲ್ ನಾಲ್ಕೈದು ವರ್ಷಕ್ಕೆ ಮುದಿ ಆಗತ್ತೆ ಸರಿ, ಆಪ್‌ಗಳು ಅಪ್ಡೇಟ್ ಕೇಳ್ತವೆ, ಬ್ಯಾಟರಿ ಊದ್ಕೊಳತ್ತೆ. ಸ್ಪೀಕರ್ ಯಾವ ಅಪ್ಡೇಟೂ ಕೇಳಲ್ಲ. ಒಂದು ಮ್ಯಾಗ್ನೆಟ್ಟು, ಅದ್ರೊಳಗೊಂದು ಕಾಯಿಲ್ಲು, ಮುಂದೆ ಅದುರಿ ಸೌಂಡ್ ಮಾಡೋ ಕೋನು, ಹಿಂದೆ ಆಂಪ್ಲಿಫೈಯರ್ ಬೋರ್ಡು, ಅಷ್ಟೇ ಸಂಸಾರ. 2005ರಲ್ಲಿ ತಗೊಂಡ ಬಾಕ್ಸಿಗೂ ಇವತ್ತಿನ ಕಂಪ್ಯೂಟರಿಗೂ ಅದೇ 3.5 ಎಂಎಂ ಪಿನ್ನು, ಚುಚ್ಚಿದ್ರೆ ಹಾಡತ್ತೆ. ಕಂಪನಿ ನಿಲ್ಲಿಸ್ತು ಅಂದ್ರೆ ಅದು ಕೆಟ್ಟ ಮಾಲು ಅಂತಲ್ಲ, ಜನ ಬ್ಲೂಟೂತ್ ಕಡೆ ಸೌಂಡ್‌ಬಾರ್ ಕಡೆ ಓಡಿದ್ರು, ಮೇಜಿನ ಕೆಳಗೆ ಬಾಸ್ ಕೊಡೋ ದಪ್ಪ ಸಬ್‌ವೂಫರ್ ಇಡೋರು ಕಮ್ಮಿಯಾದ್ರು, ಅಷ್ಟೇ.

ಇನ್ನು ಹೊಸದರ ಕಥೆ ನೋಡಿ. ಎಂ.ಜಿ. ರೋಡಲ್ಲಿ ಏಳ್ನೂರಕ್ಕೋ ಎಂಟ್ನೂರಕ್ಕೋ ಕೊಡೋ ಪುಟಾಣಿ ಜೋಡಿ ಇರತ್ತಲ್ಲ, ಲೈಟೆಲ್ಲ ಮಿಣಮಿಣ ಅನ್ನತ್ತಲ್ಲ, ಅದಕ್ಕೆ ಕರೆಂಟು ಬರೋದು ಕಂಪ್ಯೂಟರಿನ ಯುಎಸ್‌ಬಿಯಿಂದ. ಯುಎಸ್‌ಬಿ 2.0 ಪೋರ್ಟು ಕೊಡೋದೇ 5 ವೋಲ್ಟು, 500 ಮಿಲಿ ಆಂಪಿಯರ್, ಗುಣಿಸಿದ್ರೆ ಎರಡೂವರೆ ವಾಟ್. ಒಳಗೆ ಹೋಗೋದೇ ಎರಡೂವರೆ ಅಂದ್ಮೇಲೆ ಡಬ್ಬದ ಮೇಲೆ 10 ವಾಟ್ ಅಂತ ಬರೆದಿರೋದು ಎಲ್ಲಿಂದ ಬಂತು? ಹಿಂದೆ ಪಿಎಂಪಿಒ (ಕ್ಷಣಮಾತ್ರ ಬರೋ ಗರಿಷ್ಠ ವಾಟ್ ಅನ್ನೋ ಲೆಕ್ಕ) ಅಂತ ಹಾಕಿ ಅಂಗೈಯಷ್ಟು ಸ್ಪೀಕರಿಗೆ ಸಾವಿರ ವಾಟ್ ಅಂತಿದ್ರು, ಈಗ ಸೊನ್ನೆ ಕಮ್ಮಿಯಾಗಿದೆ, ಬುದ್ಧಿ ಹೋಗಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದ್ದು ಆರ್‌ಎಂಎಸ್, ಅಂದ್ರೆ ಒಂದೇ ಸಮ ಕೊಡಬಲ್ಲ ವಾಟ್, ಅದೊಂದೇ.

ಅದರ ಪಕ್ಕಕ್ಕೆ ಲಾಜಿಟೆಕ್ ಝಡ್-2300 ಇಟ್ಟು ನೋಡಿ. 200 ವಾಟ್ ಆರ್‌ಎಂಎಸ್, ಅದ್ರಲ್ಲಿ 120 ಬರೀ ಸಬ್‌ವೂಫರಿಗೆ, 8 ಇಂಚಿನ ಕೋನು, ಮೇಲೆ ಸೌಂಡ್ ಗುಣಮಟ್ಟಕ್ಕೆ ಕೊಡೋ ಟಿಎಚ್‌ಎಕ್ಸ್ ಸರ್ಟಿಫಿಕೇಟು. ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಈಗ್ಲೂ ಇಟ್ಕೊಂಡಿರೋರು ಮಾರಲ್ಲ ಅಂತಾರೆ. ಸರಿ, ಅದು ನಮ್ಮ ಬಜೆಟ್ಟಿಗೆ ಸಿಗೋದು ಕಷ್ಟಾನೇ, ಆದ್ರೆ ಅದರ ಕೆಳಗಿನ ಸಾಲಿನವು, ಆಲ್ಟೆಕ್ ಲ್ಯಾನ್ಸಿಂಗು, ಕ್ರಿಯೇಟಿವ್ ಇನ್‌ಸ್ಪೈರು, ಹಳೇ ಎಫ್ ಅಂಡ್ ಡಿ 2.1 ಸೆಟ್ಟುಗಳು (ಎರಡು ಸ್ಪೀಕರು, ಒಂದು ಸಬ್‌ವೂಫರು), ಇವು ಸಿಗ್ತವೆ. ಎತ್ತಿ ನೋಡಿ ಒಂದ್ಸಲ, ಸಬ್ಬಿನ ಡಬ್ಬ ದಪ್ಪ ಎಂಡಿಎಫ್ ಹಲಗೆ, ಒಳಗೆ ತಾಮ್ರದ ಟ್ರಾನ್ಸ್‌ಫಾರ್ಮರು, ಒಂದು ಕೈಲಿ ಎತ್ತೋಕಾಗಲ್ಲ. ಆ ತೂಕಕ್ಕೇ ಅರ್ಧ ದುಡ್ಡು ಕೊಡಬಹುದು.

ನಂಗೆ ಮುಖ್ಯ ಅನ್ಸೋದು ಬೇರೇನೇ. ಈ ಹಳೇವು ಬಿಚ್ಚಿದ್ರೆ ಬಿಚ್ಕೊಳ್ತವೆ. ಹಿಂದಿನ ಪ್ಲೇಟಿಂದು ಎಂಟ್ಹತ್ತು ಸ್ಕ್ರೂ ತೆಗೆದ್ರೆ ಬೋರ್ಡು ಹೀಟ್‌ಸಿಂಕ್ ಸಮೇತ ಆಚೆ ಬರತ್ತೆ, ಎಷ್ಟೋ ಸೆಟ್ಟಲ್ಲಿ ಒಳಗಿರೋದು ಟಿಡಿಎ 2030 ಅಂತ ಸೌಂಡ್ ಜೋರು ಮಾಡೋ ಐದು ಕಾಲಿನ ಐಸಿ, ನಮ್ಮೂರ ರೇಡಿಯೋ ರಿಪೇರಿಯೋರೆಲ್ಲ ಕಣ್ಮುಚ್ಕೊಂಡು ಹಾಕೋದು, ಇಲ್ಲಿ ಸಿಗ್ಲಿಲ್ಲ ಅಂದ್ರೆ ಬೆಳಿಗ್ಗೆ ಟ್ರೈನ್ ಹತ್ತಿ ಮೆಜೆಸ್ಟಿಕ್ಕಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದ್ರೆ ಸಿಗತ್ತೆ. ಗುಂಯ್ ಅಂತಿದ್ರೆ ಬಹಳ ಸಲ ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್ ಹೋಗಿರತ್ತೆ. ಮನೆ ಕರೆಂಟು 50 ಹರ್ಟ್ಜ್, ಡಯೋಡ್ ದಾಟಿದ್ಮೇಲೆ 100 ಹರ್ಟ್ಜಿನ ಅಲೆ ಉಳಿಯತ್ತೆ, ಅದನ್ನ ಸಮ ಮಾಡೋದೇ ಆ ಕೆಪಾಸಿಟರ್ ಕೆಲಸ, ಅದು ಒಣಗಿದ್ರೆ ಆ ಅಲೆ ಹಂಗೇ ಸ್ಪೀಕರಿಗೆ ಬರತ್ತೆ. ಅದೇ ಮೈಕ್ರೋಫ್ಯಾರಡ್ (ಅದರ ಮೇಲೇ ಬರೆದಿರತ್ತೆ), ಅಷ್ಟೇ ಅಥವಾ ಜಾಸ್ತಿ ವೋಲ್ಟಿಂದು ಹಾಕಿದ್ರೆ ಮುಗೀತು. ವಾಲ್ಯೂಮ್ ತಿರುಗಿಸಿದ್ರೆ ಕರಕರ ಅಂತಿದ್ಯಾ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಈಗಿನ ಹೊಸ ಸೋವಿ ಬ್ಲೂಟೂತ್ ಡಬ್ಬ ಬಿಚ್ಚೋಕ್ ಹೋಗಿ ನೋಡೋಣ, ಅಂಟು ಹಾಕಿ ಮುಚ್ಚಿರ್ತಾರೆ, ಬಿಚ್ಚಿದ್ರೆ ಪ್ಲಾಸ್ಟಿಕ್ಕೇ ಮುರಿಯತ್ತೆ.

ಎಲ್ಲಿ ಸಿಗತ್ತೆ ಅಂತೀರಾ? ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜ್ ಸುತ್ತಮುತ್ತ, ಬಟವಾಡಿ ಕಡೆ, ಇಂಜಿನಿಯರಿಂಗ್ ಫೈನಲ್ ಇಯರ್ ಮುಗಿಸಿ ರೂಮ್ ಖಾಲಿ ಮಾಡೋ ಹುಡುಗರ ಹತ್ರ. ಆ ಟೈಮಲ್ಲಿ ಮಂಚ, ಟೇಬಲ್ಲು, ಸ್ಪೀಕರು ಎಲ್ಲಾ ಬಂದಷ್ಟಕ್ಕೆ ಹೋಗತ್ತೆ, ಬಸ್ಸಲ್ಲಿ ಅದನ್ನ ಊರಿಗೆ ಹೊತ್ಕೊಂಡು ಹೋಗೋರ್ಯಾರು. ಇನ್ನೊಂದು, ಮುಚ್ಚೋಗಿರೋ ಸೈಬರ್ ಸೆಂಟರು, ಡಿಟಿಪಿ ಅಂಗಡಿಗಳು.

ಹೋಗೋವಾಗ ಫೋನು, ಜಾಕ್ ಇಲ್ದಿದ್ರೆ ಟೈಪ್-ಸಿ ಕನ್ವರ್ಟರು, ಒಂದು ಕೇಬಲ್ ತಗೊಂಡೇ ಹೋಗಿ. ಮೊದ್ಲು ಏನೂ ಹಾಕ್ದೆ ವಾಲ್ಯೂಮ್ ಸೊನ್ನೆಗಿಟ್ಟು ಕಿವಿ ಹತ್ರ ತಗೊಂಡೋಗಿ, ಗುಂಯ್ ಅಂತಿದ್ಯಾ ಕೇಳಿ. ಆಫ್ ಮಾಡಿ ಸಬ್ಬಿನ ಕೋನ್ ನಡುವೆ ಇರೋ ಟೋಪಿಯ ಸುತ್ತ ನಾಲ್ಕು ಬೆರಳು ಸಮವಾಗಿಟ್ಟು ಮೆತ್ತಗೆ ಒಳಗೆ ಒತ್ತಿ ಬಿಡಿ, ಒಳಗೆ ಸರ್ ಅಂತ ಉಜ್ಜಿದ್ರೆ ಕಾಯಿಲ್ ಮ್ಯಾಗ್ನೆಟ್ಟಿಗೆ ತಾಗ್ತಿದೆ ಅಂತ, ಬಿಟ್ಟು ಬನ್ನಿ. ಆಮೇಲೆ 30 ಹರ್ಟ್ಜಿಂದ ಶುರುವಾಗಿ ಮೇಲಕ್ಕೆ ಏರ್ತಾ ಹೋಗೋ ಸ್ವೀಪ್ ಟೋನ್ ಹಾಕಿ, ಎಲ್ಲಾದ್ರೂ ಒಂದ್ಕಡೆ ಡಬ್ಬ ಜರಜರ ಅಂದ್ರೆ ಗೊತ್ತಾಗೋಗತ್ತೆ. ಕೊನೇಗೆ ಎಡದ ಸ್ಪೀಕರಿನ ವೈರು ಬಲದ್ದರ ವೈರು ಅದಲು ಬದಲು ಮಾಡಿ. ಒಂದೇ ಕಡೆ ಸೌಂಡ್ ಕಮ್ಮಿ ಇದ್ದು, ಅದಲು ಬದಲು ಮಾಡಿದ್ರೂ ಅದೇ ಸ್ಪೀಕರೇ ಸುಮ್ಕಿದ್ರೆ ಸ್ಪೀಕರ್ ಹೋಗಿದೆ, ಈಗ ಇನ್ನೊಂದು ಸ್ಪೀಕರ್ ಸುಮ್ಕಾದ್ರೆ ಬೋರ್ಡು. ಇಷ್ಟು ನೋಡೋಕೆ ಬಿಡ್ದೆ ಇರೋನ ಹತ್ರ ತಗೋಬೇಡಿ, ಬಿಟ್ಟೋನ ಹತ್ರ ಚೌಕಾಸಿ ಮಾಡಿ.

ವಿರೋಧ

ತಮ್ಮಾ, ಕೌಂಟರಿಗೆ ಸತ್ತಿದ್ದೇ ಬರೋದು ನಿಜ ಕಣಪ್ಪ. ಆದ್ರೆ ಅದನ್ನ ಹೊತ್ಕೊಂಡು ಬರೋರಲ್ಲಿ ಬಹಳಷ್ಟು ಜನ ಹದಿನೈದು ದಿನದ ಹಿಂದೆ ಅಷ್ಟೇ "ಏ ಸಖತ್ತಾಗಿತ್ತು ಅಕ್ಕ, ಚೆಕ್ ಮಾಡೇ ತಗೊಂಡೆ" ಅನ್ನೋರು. ನೀನು ಹೇಳೋ ಬೆರಳಿಟ್ಟು ಒತ್ತೋದು, ಟೋನ್ ಹಾಕೋದು ಎಲ್ಲಾ ಸರಿ, ಮಾಡ್ಲೇಬೇಕು, ಆದ್ರೆ ಹತ್ತು ನಿಮಿಷದಲ್ಲಿ ಕಾಣೋ ರೋಗ ಬೇರೆ, ಒಂದು ಗಂಟೆ ಓಡಿ ಬಿಸಿಯಾದ್ಮೇಲೆ ಬರೋ ರೋಗ ಬೇರೆ. ಬೋರ್ಡಲ್ಲಿ ಬಿರುಕು ಬಿಟ್ಟ ಬೆಸುಗೆ ತಣ್ಣಗಿದ್ದಾಗ ಅಂಟ್ಕೊಂಡಿರತ್ತೆ, ಬಿಸಿಗೆ ಹಿಗ್ಗಿದ ತಕ್ಷಣ ಬಿಟ್ಕೊಳತ್ತೆ. ಮಾರೋ ಹುಡುಗನ ರೂಮಲ್ಲಿ ಒಂದು ಗಂಟೆ ಹಾಡು ಕೇಳ್ತಾ ಯಾರು ಕೂತಿರ್ತಾರೆ ಹೇಳು.

ಮತ್ತೆ ನೀನು ಬಿಚ್ಚಬಲ್ಲೆ, ಸರಿ. ಈ ಪ್ರಶ್ನೆ ಕೇಳ್ತಿರೋರಲ್ಲಿ ಎಷ್ಟು ಜನ ಬೆಸುಗೆ ಕಡ್ಡಿ ಹಿಡಿದಿದಾರೆ? ಟ್ರಾನ್ಸ್‌ಫಾರ್ಮರಿಗೆ 230 ವೋಲ್ಟ್ ಬರ್ತಿರತ್ತೆ, ಪಕ್ಕದಲ್ಲಿರೋ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡ್ಕೊಂಡಿರಬಹುದು, ಗೊತ್ತಿಲ್ದೋರು ಸ್ಕ್ರೂ ಬಿಚ್ಚಿ ಕೈ ಹಾಕೋ ಜಾಗ ಅಲ್ಲ ಅದು. ಅವ್ರು ನಮ್ಮಂಥೋರ ಹತ್ರ ತರ್ತಾರೆ. ಐಸಿ ಬೆಲೆ ಪುಡಿಗಾಸು, ನಿಜ, ಆದ್ರೆ ಮಾರ್ಕೆಟ್ಟಲ್ಲಿ ನಕಲಿ ಟಿಡಿಎ ಸಿಕ್ಕಾಪಟ್ಟೆ, ಹಾಕಿದ ವಾರಕ್ಕೆ ಮತ್ತೆ ಹೋಗತ್ತೆ, ಕೂಲಿ ಎರಡು ಸಲ. ಎಂಟ್ನೂರಿನ ಸೆಟ್ಟಿಗೆ ಸಾವಿರದ ರಿಪೇರಿ, ಮೂಗಿಗಿಂತ ಮೂಗುತಿ ಭಾರ.

ನೀನು ಬಾಯೇ ಬಿಡದ ಒಂದು ವಿಷಯ ಇದೆ, ಆ ಗುಂಡನೆ ವಾಲ್ಯೂಮ್ ಪಾಡು. ದೊಡ್ಡ ಕಂಪನಿಗಳ ಎಷ್ಟೋ ಸೆಟ್ಟಲ್ಲಿ ಆನ್ ಆಫು, ವಾಲ್ಯೂಮು, ಬಾಸು ಎಲ್ಲಾ ಒಂದು ವೈರಿನ ತುದೀಲಿ ಮೇಜಿನ ಮೇಲೆ ಇರತ್ತೆ, ಆ ವೈರಿನ ಪಿನ್ನು ಆ ಮಾಡೆಲಿಗೇ ಅಂತ ಮಾಡಿರೋದು, ಕೆಲವಂತೂ ನೋಡೋಕೆ ಮಾನಿಟರಿನ ವಿಜಿಎ ಪಿನ್ ತರ ಇರತ್ತೆ ಆದ್ರೆ ಅದಲ್ಲ. ಮಾರೋರು ಮನೆ ಖಾಲಿ ಮಾಡೋವಾಗ ಇದೇ ಮೊದ್ಲು ಕಳ್ಕೊಳೋದು, ಇಲ್ಲಾ ಬುಡದಲ್ಲಿ ವೈರ್ ಮಡಚಿ ಮಡಚಿ ಒಳಗೆ ತಂತಿ ಹರಿದಿರತ್ತೆ. ಅದಿಲ್ದೆ ಎಷ್ಟೋ ಸೆಟ್ಟು ಆನೇ ಆಗಲ್ಲ. ಕಂಪನಿ ನಿಲ್ಲಿಸಿದೆ, ಬಿಡಿಭಾಗ ಕೊಡಲ್ಲ, ಎಸ್.ಪಿ. ರೋಡಲ್ಲಿ ಐಸಿ ಸಿಗತ್ತೆ ಆದ್ರೆ ಆ ಪಾಡ್ ಸಿಗಲ್ಲ. ಇನ್ನೊಂದು ಅದೇ ಮಾಡೆಲ್ ಸತ್ತಿದ್ದು ಸಿಕ್ಕಿದ್ರೆ ಅದ್ರಿಂದ ಕಿತ್ತು ಹಾಕ್ಬೇಕು ಅಷ್ಟೇ.

ಕೋನ್ ಸುತ್ತ ಇರೋ ಅಂಚು ನೋಡಿದ್ಯಾ? ರಬ್ಬರಿನದ್ದಾದ್ರೆ ಬಾಳತ್ತೆ. ಹಳೇ ಕೆಲವು ಸೆಟ್ಟಲ್ಲಿ ಫೋಮ್ ಅಂಚು ಇರತ್ತೆ, ಅದು ಹಾಡಿದ್ರೂ ಹಾಡ್ದಿದ್ರೂ ಹತ್ತು ಹದಿನೈದು ವರ್ಷಕ್ಕೆ ತಾನಾಗೇ ಪುಡಿ ಉದುರತ್ತೆ, ಉಗುರಲ್ಲಿ ಮುಟ್ಟಿದ್ರೆ ಕೈಗೇ ಬರತ್ತೆ. ಜಾಲರಿ ಬಟ್ಟೆ ತೆಗೆಯದೆ ಇದು ಕಾಣಲ್ಲ. "ಸೀಲ್ ಓಪನ್ ಮಾಡಿಲ್ಲ, ಹಳೇ ಸ್ಟಾಕು" ಅಂದ್ರೂ ಬಿಡಲ್ಲ ಇದು. ಮೂಲೇಲಿ ವರ್ಷಗಟ್ಲೆ ಕರೆಂಟ್ ಕಾಣದೆ ಕೂತ ಕೆಪಾಸಿಟರೂ ಒಳಗೆ ಸೊರಗಿರತ್ತೆ. ಡಬ್ಬ ಹೊಸದು, ವಯಸ್ಸು ಹೊಸದಲ್ಲ.

ಇನ್ನು ರಿಫರ್ಬಿಶ್ಡ್ ಅನ್ನೋದು. ಕಂಪನಿಯೋರೇ ವಾಪಸ್ ತಗೊಂಡು ರಿಪೇರಿ ಮಾಡಿ ವಾರಂಟಿ ಕೊಟ್ಟು ಮಾರೋದೂ ರಿಫರ್ಬಿಶ್ಡೇ, ಯಾರೋ ಒಬ್ಬ ಒದ್ದೆ ಬಟ್ಟೇಲಿ ಒರೆಸಿ ಸ್ಟಿಕರ್ ಅಂಟಿಸಿ ಮಾರೋದೂ ರಿಫರ್ಬಿಶ್ಡೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ರಿಫರ್ಬಿಶ್ ಮಾಡೋರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪೋರ್ಟಲ್ಲಲ್ಲಿ ನೋಂದಣಿ ಆಗ್ಬೇಕು ಅಂತಿದೆ. ಫುಟ್‌ಪಾತಲ್ಲಿ ಗುಡ್ಡೆ ಹಾಕ್ಕೊಂಡು ಕೂತಿರೋನ್ನ ಅದನ್ನ ಕೇಳಿ ನೋಡು, ನಗ್ತಾನೆ. ಬಿಲ್ ಇಲ್ಲ, ಬಿಲ್ ಇಲ್ದೆ ಗ್ರಾಹಕರ ಆಯೋಗಕ್ಕೆ ಹೋಗಿ ಏನ್ ತೋರಿಸ್ತೀಯ. ನಮ್ಮನೇಲಿ ಒಂದ್ಸಲ ಆನ್‌ಲೈನಲ್ಲಿ "ಸೆಲ್ಲರ್ ವಾರಂಟಿ 6 ತಿಂಗಳು" ಅಂತಿರೋದು ತರಿಸಿದ್ರು, ಎರಡನೇ ತಿಂಗಳು ಎಡಗಡೆ ಸ್ಪೀಕರ್ ಸುಮ್ಕಾಯ್ತು, ನೋಡಿದ್ರೆ ಆ ಸೆಲ್ಲರ್ರೇ ಮಾಯ. ಕಂಪನಿಗೆ ಫೋನ್ ಮಾಡಿದ್ರೆ ಆ ವಾರಂಟಿ ನಮ್ದಲ್ಲ ಅಂದ್ರು, ಅವ್ರು ಹೇಳಿದ್ದೂ ಸರಿನೇ.

ಹೊರದೇಶದಿಂದ ಬಂದ ಮಾಲಂತೂ ಹಿಂದೆ ತಿರುಗಿಸಿ ನೋಡ್ದೆ ಮುಟ್ಟಬೇಡಿ. ಅಮೆರಿಕದ್ದು ಹಲವು 120 ವೋಲ್ಟಿಂದು. ನಮ್ಮ ಗೋಡೆಗೆ ಚುಚ್ಚಿದ್ರೆ ಫ್ಯೂಸ್ ಹೋದ್ರೆ ಪುಣ್ಯ, ಇಲ್ಲಾಂದ್ರೆ ಟ್ರಾನ್ಸ್‌ಫಾರ್ಮರೇ ಸುಟ್ಟು ಮನೆಯೆಲ್ಲಾ ವಾರ್ನಿಶ್ ವಾಸನೆ.

ಹೆಸರಿನ ಹುಚ್ಚೂ ಒಂದಿದೆ. ಆಲ್ಟೆಕ್ ಲ್ಯಾನ್ಸಿಂಗ್ ಅಂದ್ರೆ ಹಳೇ ಕಾಲದ ಸಿನಿಮಾ ಥಿಯೇಟರ್ ಸ್ಪೀಕರ್ ಮಾಡ್ತಿದ್ದ ದೊಡ್ಡ ಮನೆತನ, ಅಲ್ಲಿಂದ ಹೊರಗೆ ಬಂದ ಜೇಮ್ಸ್ ಲ್ಯಾನ್ಸಿಂಗೇ 1946ರಲ್ಲಿ ಜೆಬಿಎಲ್ ಶುರು ಮಾಡಿದ್ದು, ಅದೆಲ್ಲ ಸರಿ. ಆದ್ರೆ 2005ರಲ್ಲಿ ಆಲ್ಟೆಕ್ ಲ್ಯಾನ್ಸಿಂಗನ್ನ ಪ್ಲಾಂಟ್ರಾನಿಕ್ಸ್ ಅನ್ನೋ ಇನ್ನೊಂದು ಕಂಪನಿ ಕೊಂಡ್ಕೊಳ್ತು, ಆಮೇಲೂ ಕೈ ಬದಲಾಯ್ತು. ಯಾವ ವರ್ಷದ್ದು ಅಂತ ನೋಡ್ದೆ ಬರೀ ಹೆಸರು ನೋಡಿ ಐನೂರು ಜಾಸ್ತಿ ಕೊಡೋರು ನಮ್ಮೂರಲ್ಲೂ ಇದಾರೆ.

ವಾಟ್ ಲೆಕ್ಕನೂ ಸ್ವಲ್ಪ ಬಿಡು. ವಾಟ್ ಎರಡರಷ್ಟಾದ್ರೆ ಸಿಗೋದು ಬರೀ 3 ಡೆಸಿಬೆಲ್ ಜಾಸ್ತಿ ಸೌಂಡು, ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಂದ್ರೆ ಹೆಚ್ಚುಕಮ್ಮಿ ಹತ್ತರಷ್ಟು ವಾಟ್ ಬೇಕು. ಹತ್ತಕ್ಕೆ ಹತ್ತರ ಪಿಜಿ ರೂಮಲ್ಲಿ, ಮೇಜಿನಿಂದ ಎರಡಡಿ ದೂರ ಕೂತು ಕೇಳೋನಿಗೆ 200 ವಾಟ್ ಯಾವ ಗಣೇಶನ ಪೆಂಡಾಲಿಗೆ? ಸಬ್ ಮೂಲೇಲಿಟ್ರೆ ಬಾಸ್ ಇನ್ನೂ ಊದ್ಕೊಳತ್ತೆ, ಪಕ್ಕದ ರೂಮೋನು ಗೋಡೆ ಬಡೀತಾನೆ, ಓನರ್ ಆಂಟಿ ಮೇಲೆ ಬರ್ತಾರೆ.

ಯುಎಸ್‌ಬಿ ಡಬ್ಬ ತಗೋಬೇಡಿ ಅಂತ ನೀನು ಹೇಳಿದ್ದು ನಾನೂ ಒಪ್ತೀನಿ. ಆದ್ರೆ ಹೊಸದು ಅಂದ್ರೆ ಅದೊಂದೇನಾ? ಅದೇ ಮೂರು ಸಾವಿರದೊಳಗೆ ಗೋಡೆ ಕರೆಂಟಲ್ಲಿ ಓಡೋ, ಸಬ್ ಇಲ್ದ 2.0 ಅಥವಾ ಸಣ್ಣ 2.1 ಸೆಟ್ಟು, ಬಿಲ್ ಸಮೇತ, ಒಂದು ವರ್ಷ ವಾರಂಟಿ ಸಮೇತ ಸಿಗತ್ತೆ. ತಗೊಳೋ ಮುಂಚೆ ಸರ್ವೀಸ್ ಸೆಂಟರ್ ತುಮಕೂರಲ್ಲೇ ಇದ್ಯಾ, ಬೆಂಗ್ಳೂರಿಗೆ ಹೊರಬೇಕಾ ಅಂತ ಕೇಳ್ಕೊಳ್ಳಿ. ಅಂಗಡೀಲಿ ಗಾಜಿನ ಹಿಂದೆ ಹಾಡ್ತಿದ್ದ ಡಿಸ್‌ಪ್ಲೇ ಪೀಸ್ ಕಮ್ಮಿಗೆ ಕೊಡ್ತೀನಿ ಅಂದ್ರೆ ಅದಕ್ಕೆ ನಂದು ಅಡ್ಡಿ ಇಲ್ಲ, ಇವತ್ತಿನ ತಾರೀಖಿನ ಬಿಲ್ ಕೊಟ್ರೆ ಮಾತ್ರ. "ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗತ್ತೆ ಮೇಡಂ" ಅಂದ್ರೆ ಕೊಟ್ಟು ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ.