ಟಾಂಜನೈಟ್ ನೀಲಮಣಿಯಲ್ಲ, ಕಾಯಿಸಿದ್ದು ನಕಲಿಯೂ ಅಲ್ಲ

‘ಟಾಂಜನೈಟ್ ಅಂದ್ರೆ ಆಫ್ರಿಕಾದ ನೀಲಮಣಿ, ಕಾಯಿಸಿದ ಕಲ್ಲು ನಕಲಿ’ ಎಂಬ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಇದು ಜೋಯಿಸೈಟ್ ಎಂಬ ಬೇರೆಯೇ ಖನಿಜ. ಒಡವೆಗೆ ಒಗ್ಗುವ ಕಲ್ಲು ಸಿಗುವುದು ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ ಮಾತ್ರ. ಬೆಳಕಿಗೆ ಬಂದದ್ದು 1967ರಲ್ಲಿ. ನೆಲದಿಂದ ತೆಗೆದಾಗ ಹೆಚ್ಚಿನವು ಕಂದು. ಸುಮಾರು 500–600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಕಂದು ಹೋಗಿ ನೀಲಿ-ನೇರಳೆ ಎದ್ದು ಕಾಣುತ್ತದೆ. ಆ ಬಣ್ಣ ಮತ್ತೆ ಮಾಸುವುದಿಲ್ಲ. ಅಂಗಡಿಯಲ್ಲಿರುವ ಬಹುತೇಕ ಕಲ್ಲುಗಳು ಹೀಗೆ ಕಾದು ಬಂದವೇ.

ಬಿಡಿ ಕಲ್ಲನ್ನು ಚಿಮುಟದಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ನೇರಳೆ. ಜನ ಮರುಳಾಗುವುದು ಇದಕ್ಕೇ ಅಲ್ವಾ!

ಗಡಸುತನ ಮಾತ್ರ ಮೋಸ್ ಮಾಪನದಲ್ಲಿ (ಗೀರು ತಡೆಯುವ ಶಕ್ತಿಯ 1ರಿಂದ 10ರ ಅಳತೆ) 6ರಿಂದ 7, ನೀಲಮಣಿಯದು 9. ದಿನಾ ಪಾತ್ರೆ ತೊಳೆಯುವ ಕೈಗೆ ಉಂಗುರ ಬೇಡ, ಓಲೆಗೆ ಕೂರಿಸಿ.